ಹಳೆಯ ಪಿಕಪ್ಪಿಗೆ ಪಾಲಿಯುರೆಥೇನ್ ಗೇರ್‌ಬಾಕ್ಸ್ ಮೌಂಟಿಂಗ್: ಎರಡನೆಯ ತೊಗರಿ ಸುಗ್ಗಿ ಮುಗಿದ ಮೇಲೆ

ಗೇರ್‌ಬಾಕ್ಸನ್ನು ಹಿಂದಿನಿಂದ ಹೊತ್ತು ಹಿಡಿಯುವ ಈ ಮೌಂಟಿಂಗ್ ಹಾಕಿಸಿದ ದಿನದಿಂದ ನನ್ನ ಪಿಕಪ್ಪಿನ ಗೇರ್ ರಾಡ್ ನಿಂತಲ್ಲಿ ನಿಲ್ಲುತ್ತದೆ. ಹೊಸ ಗಾಡಿ ಇರುವವರಿಗೆ ಇದು ಹೇಳಿಕೊಳ್ಳುವಂಥ ಸಂಗತಿಯೇ ಅಲ್ಲ. ಆದರೆ ಹತ್ತು ವರ್ಷ ದಾಟಿದ, ಆಳಂದ ಸೀಮೆಯ ಎರೆಹೊಲಗಳಿಂದ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ತೊಗರಿ ಹೊರುವ, ಸುಗ್ಗಿ ಮುಗಿದ ಮೇಲೆ ಶಹಾಬಾದ ಕಲ್ಲಿನ ಬಾಡಿಗೆಗೂ ಹೋಗುವ ಗಾಡಿಯನ್ನು ದಿನವೂ ಓಡಿಸುವವರಿಗೆ ಇದು ಎಂಥ ನೆಮ್ಮದಿ ಎಂಬುದು ಗೊತ್ತಿರುತ್ತದೆ. ಆ ನೆಮ್ಮದಿಯ ಜೊತೆಗೆ ಬಂದ ಒಂದು ಕಾಟವೂ ಇದೆ. ಕೊಳ್ಳುವ ಮೊದಲು ಅಂಗಡಿಯವರು ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲವಾದ್ದರಿಂದ ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹಳೆಯ ಮೌಂಟಿಂಗಿನ ಸ್ಥಿತಿ. ಎಕ್ಸಲರೇಟರ್ ಒತ್ತಿದಾಗ ಗೇರ್ ರಾಡ್ ಒಂದು ಕಡೆ ವಾಲುತ್ತಿತ್ತು, ಕಾಲು ತೆಗೆದರೆ ಮರಳಿ ಬಂದು ಇನ್ನೊಂದು ಕಡೆ ಹೊಡೆಯುತ್ತಿತ್ತು. ತುಂಬಿದ ಗಾಡಿಯನ್ನು ಮೊದಲನೆಯ ಗೇರಿನಲ್ಲಿ ಎತ್ತುವಾಗ ಕಾಲ ಕೆಳಗಿನ ತಗಡಿನ ಅಡಿಯಿಂದ ಧಡ್ ಎಂಬ ಸದ್ದು ಕೇಳುತ್ತಿತ್ತು. ಒಂದೆರಡು ಸಲ ಇಳಿಜಾರಿನಲ್ಲಿ ಮೂರನೆಯ ಗೇರು ತಾನಾಗಿಯೇ ನ್ಯೂಟ್ರಲ್‌ಗೆ ಜಿಗಿದದ್ದೂ ಉಂಟು. ಗೇರ್‌ಬಾಕ್ಸನ್ನೇ ಬಿಚ್ಚಬೇಕಾಗುತ್ತದೆ ಎಂದು ಒಂದಿಬ್ಬರು ಹೆದರಿಸಿದರು. ನಮ್ಮ ಮೆಕ್ಯಾನಿಕ್ ಉಸ್ತಾದರು ಮಾತ್ರ ಗಾಡಿಯ ಕೆಳಗೆ ಮಲಗಿ, ಗೇರ್‌ಬಾಕ್ಸಿನ ಬಾಲದ ಕೆಳಗೆ ಕಬ್ಬಿಣದ ಸಲಾಕಿಯನ್ನು ಸಿಕ್ಕಿಸಿ ಮೆಲ್ಲಗೆ ಎತ್ತಿ ನೋಡಿದರು. ಮೌಂಟಿಂಗಿನ ಮೇಲಿನ ತಗಡು ಒಂದು ಕಡೆ, ಕೆಳಗಿನ ತಗಡು ಇನ್ನೊಂದು ಕಡೆ ಆಯಿತು. ನಡುವಿನ ರಬ್ಬರು ಬಾಯಿ ಬಿಟ್ಟಿತ್ತು. “ರಬ್ಬರ್ ಸತ್ತು ಹೋಗ್ಯಾದ, ಗೌಡ್ರ. ಎಣ್ಣಿ ಕುಡದು ಕುಡದು ಸತ್ತಾದ” ಎಂದರು. ಗೇರ್‌ಬಾಕ್ಸಿನ ಹಿಂಬದಿಯ ಆಯಿಲ್ ಸೀಲ್ ಸೋರಿ, ಎಣ್ಣೆ ವರ್ಷಗಟ್ಟಲೆ ಅದರ ಮೇಲೆಯೇ ಇಳಿಯುತ್ತಿತ್ತು. ಸಾಮಾನ್ಯ ರಬ್ಬರಿಗೆ ಎಣ್ಣೆ ತಾಕಿದರೆ ಅದು ಉಬ್ಬಿ, ಮೆತ್ತಗಾಗಿ, ಕಡೆಗೆ ಲೋಹದ ತಗಡನ್ನು ಬಿಟ್ಟುಬಿಡುತ್ತದೆ.

ಇದು ಚಿಕ್ಕ ಸಾಮಾನು ಎಂದು ಬಹಳ ಜನ ಅಲಕ್ಷ್ಯ ಮಾಡುತ್ತಾರೆ. ಎಂಜಿನ್ನು ಮತ್ತು ಗೇರ್‌ಬಾಕ್ಸು ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿದ ಒಂದೇ ಒಡಲು. ಮುಂದೆ ಎಡಬಲಕ್ಕೆ ಎರಡು ಎಂಜಿನ್ ಮೌಂಟಿಂಗ್, ಹಿಂದೆ ಕ್ರಾಸ್ ಮೆಂಬರಿನ (ಚಾಸಿಯ ಅಡ್ಡಪಟ್ಟಿಯ) ಮೇಲೆ ಈ ಒಂದು, ಹೀಗೆ ಮೂರು ಕಡೆಗಳಲ್ಲಿ ಅದು ಕೂತಿರುತ್ತದೆ. ಎಂಜಿನ್ನಿನ ತಿರುಚು ಬಲವನ್ನು ಮೊದಲನೆಯ ಗೇರು ಹಲವು ಪಟ್ಟು ಹೆಚ್ಚಿಸಿ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಕಳಿಸುವಾಗ, ಅಷ್ಟೇ ಬಲದಿಂದ ಇಡೀ ಒಡಲು ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆದು ಹಿಡಿಯುವ ಕೆಲಸ ಈ ಮೂರು ಮೌಂಟಿಂಗುಗಳದು. ಹಿಂದಿನದು ಹರಿದರೆ ಗೇರ್‌ಬಾಕ್ಸಿನ ಬಾಲ ಕೆಳಗಿಳಿಯುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಎರಡು ಕ್ರಾಸುಗಳ (ಬಾಗಿಯೂ ತಿರುಗುವ ಕೀಲುಗಳ) ಕೋನಗಳು ಒಂದಕ್ಕೊಂದು ಹೊಂದದೆ ಹೋಗುತ್ತವೆ, ವೇಗ ಹೆಚ್ಚಿದಂತೆ ತಳದಲ್ಲಿ ನಡುಕ ಹುಟ್ಟುತ್ತದೆ. ಮೌಂಟಿಂಗ್ ಬದಲಿಸುವ ಮೊದಲು ನಾನು ಕ್ರಾಸುಗಳಿಗೆ ಪದೇಪದೇ ದುಡ್ಡು ಸುರಿಯುತ್ತಿದ್ದುದಕ್ಕೆ ಕಾರಣ ಇದೇ. ನಮ್ಮಂಥ ಹಳೆಯ ಗಾಡಿಗಳಲ್ಲಿ ಗೇರ್ ರಾಡ್ ನೇರವಾಗಿ ಗೇರ್‌ಬಾಕ್ಸಿನ ನೆತ್ತಿಯಿಂದಲೇ ಮೇಲೆ ಬರುವುದರಿಂದ ಕೆಳಗಿನ ಅಲುಗಾಟವೆಲ್ಲ ಅಂಗೈಗೆ ತಲುಪುತ್ತದೆ.

ಕಂಪನಿಯ ರಬ್ಬರ್ ಮೌಂಟಿಂಗೇ ಹಾಕಿಸಬಹುದಿತ್ತು. ಅದರ ಸುಮಾರು ಎರಡೂವರೆ ಪಟ್ಟು ಬೆಲೆಯ, ರಬ್ಬರಿನಂಥದೇ ಆದರೆ ಹೆಚ್ಚು ಗಡಸಾದ ಪಾಲಿಯುರೆಥೇನನ್ನು (ಬಾಯಿಮಾತಿನಲ್ಲಿ ಪಾಲಿ) ನಾನು ಆರಿಸಿಕೊಳ್ಳಲು ಎರಡು ಕಾರಣಗಳಿದ್ದವು. ಎಣ್ಣೆ, ಗ್ರೀಸುಗಳನ್ನು ಅದು ರಬ್ಬರಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಭಾರಕ್ಕೆ ಕಡಿಮೆ ಕುಗ್ಗುತ್ತದೆ. ಮೂಲ ರಬ್ಬರಿನ ಗಡಸುತನ ಶೋರ್ ಎ ಅಳತೆಯಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಗಡಸು) ಸಾಮಾನ್ಯವಾಗಿ 50–60ರ ಆಸುಪಾಸು ಇದ್ದರೆ, ನಾನು ತಂದದ್ದರ ಮೇಲೆ 80 ಎಂದು ಒತ್ತಿತ್ತು. ಈ ಒಂದು ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಸುಖವೂ ತೊಂದರೆಯೂ ಅದರಿಂದಲೇ ಬಂದವು.

ಜೋಡಣೆ ಅರ್ಧ ದಿನದ ಕೆಲಸ. ಉಸ್ತಾದರು ಮೊದಲು ಆಯಿಲ್ ಸೀಲ್ ಬದಲಿಸಿದರು. ಅದನ್ನು ಬಿಟ್ಟು ಮೌಂಟಿಂಗ್ ಮಾತ್ರ ಬದಲಿಸುವುದು ವ್ಯರ್ಥ. ಗೇರ್‌ಬಾಕ್ಸಿನ ಕೆಳಗೆ ಮರದ ದಪ್ಪ ಹಲಗೆಯನ್ನಿಟ್ಟು, ಅದರ ಕೆಳಗೆ ಜಾಕ್ ಕೊಟ್ಟರು. ಜಾಕಿನ ತಲೆಯನ್ನು ನೇರವಾಗಿ ಕೊಟ್ಟರೆ ಅಲ್ಯುಮಿನಿಯಂ ಕವಚ ಬಿರಿಯಬಹುದು. ಕ್ರಾಸ್ ಮೆಂಬರಿನ ಬೋಲ್ಟಿನ ತೂತುಗಳು ಸವೆದು ಉದ್ದವಾಗಿವೆಯೇ ಎಂದು ನೋಡಿದರು. ಎಲ್ಲಕ್ಕಿಂತ ನನಗೆ ಮೆಚ್ಚಿಕೆಯಾದದ್ದು ಕಡೆಯ ಹಂತ: ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸುವಷ್ಟೇ ಸಡಿಲವಾಗಿ ಹಾಕಿ, ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ಇಳಿಸಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಒಡಲು ತನ್ನ ಸಹಜ ಜಾಗಕ್ಕೆ ಕೂತ ಮೇಲೆಯೇ ಪೂರ್ತಿ ಬಿಗಿದರು. ಮೊದಲೇ ಬಿಗಿದುಬಿಟ್ಟರೆ ಮೌಂಟಿಂಗ್ ತಿರುಚಿಕೊಂಡೇ ಕೂತು, ಒಂದು ಮಗ್ಗುಲಿನಿಂದ ಬೇಗ ಸೀಳುತ್ತದೆ.

ಮರುದಿನ ಬೆಳಗಿನ ಓಟ ನನಗೆ ಇಂದಿಗೂ ಖುಷಿ ಕೊಡುವ ನೆನಪು. ಪುಷ್ಯದ ಚಳಿಯಲ್ಲಿ, ಇನ್ನೂ ನಸುಕು ಇರುವಾಗಲೇ, ಎಂಜಿನ್ನು ಚಾಲೂ ಮಾಡಿ, ಅದು ಕಾವೇರುವ ತನಕ ಹಗ್ಗದ ಗಂಟುಗಳನ್ನು ಒಂದೊಂದಾಗಿ ಜಗ್ಗಿ ನೋಡುವುದು, ತಾಡಪತ್ರಿಯ ಅಂಚನ್ನು ಚೀಲಗಳ ಅಡಿಗೆ ಒತ್ತುವುದು, ಮುಂದಿನ ಗಾಜಿನ ಮೇಲಿನ ಇಬ್ಬನಿಯನ್ನು ಹಳೆಯ ಟವೆಲಿನಿಂದ ಒರೆಸುವುದು ನನ್ನ ರೂಢಿ. ಆಮೇಲೆ ಹತ್ತಿ ಕೂತು, ಎಡಗೈಯನ್ನು ರಾಡಿನ ಗುಬ್ಬಿಯ ಮೇಲೆ ಸುಮ್ಮನೆ ಇಡುತ್ತೇನೆ. ಮೊದಲು ಆ ಗುಬ್ಬಿ ನನ್ನ ಕೈಯನ್ನೇ ಕುಣಿಸುತ್ತಿತ್ತು. ಅಂದು ಕ್ಲಚ್ ಬಿಟ್ಟಾಗ ಧಡ್ ಎನ್ನಲಿಲ್ಲ. ಹೊಲದ ಗಾಡಿದಾರಿಯಿಂದ ಡಾಂಬರಿಗೆ ಹತ್ತುವಾಗ ಒಂದರಿಂದ ಎರಡಕ್ಕೆ, ಊರು ದಾಟಿದ ಮೇಲೆ ಎರಡರಿಂದ ಮೂರಕ್ಕೆ, ಕುದಿಯುವ ಅನ್ನದಲ್ಲಿ ಚಮಚ ಇಳಿದಂತೆ ಗೇರು ತಾನಾಗಿ ಇಳಿಯಿತು. ಆಳಂದದಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್. ಆ ದಾರಿಯುದ್ದಕ್ಕೂ ಅವಶ್ಯವಿಲ್ಲದ ಕಡೆಯೂ ಒಂದು ಗೇರು ಇಳಿಸಿ, ಮತ್ತೆ ಏರಿಸಿ, ಆ ಸರಾಗವನ್ನು ಅನುಭವಿಸಿದೆ. ಗೇರು ತಾನಾಗಿ ಜಿಗಿಯುವುದು ಅಂದೇ ನಿಂತಿತು, ಮತ್ತೆ ಕಾಣಿಸಿಕೊಂಡಿಲ್ಲ. ಕ್ರಾಸುಗಳನ್ನು ಅಂದಿನಿಂದ ಬದಲಿಸಿಲ್ಲ, ಗ್ರೀಸ್ ಹೊಡೆಸಿದ್ದಷ್ಟೇ.

ಇನ್ನು ಕಾಟದ ವಿಷಯ. ಡಿಸೆಂಬರಿನಿಂದ ಫೆಬ್ರವರಿಯ ತನಕ ಹೊಸ ತೊಗರಿಯ ಆವಕ ಜೋರಾಗಿರುವಾಗ ಗಂಜಿನ ಬಾಗಿಲಲ್ಲಿ ಗಾಡಿಗಳ ಸಾಲು ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತದೆ. ಎಂಜಿನ್ನು ಬಂದ್ ಮಾಡುವ ಹಾಗಿಲ್ಲ, ಬಿಡುವ ಹಾಗಿಲ್ಲ. ಆ ಸಾಲಿನಲ್ಲಿ ನಿಂತಾಗ ಇಡೀ ಕ್ಯಾಬಿನ್ನು ನಡುಗತೊಡಗಿತು. ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡಾಗಿ ಕಾಣುತ್ತಿತ್ತು, ಡ್ಯಾಶ್‌ಬೋರ್ಡಿನ ಮೇಲಿಟ್ಟ ಚಹಾದ ಗ್ಲಾಸು ಅಂಚಿಗೆ ಸರಿದು ಬರುತ್ತಿತ್ತು, ಬಾಗಿಲ ಒಳಗಿನ ಯಾವುದೋ ಸಡಿಲ ಪಟ್ಟಿ ಎಡೆಬಿಡದೆ ಗುಂಯ್ ಎನ್ನುತ್ತಿತ್ತು. ಲೆಕ್ಕ ಸರಳ: ನಾಲ್ಕು ಸಿಲಿಂಡರಿನ ಎಂಜಿನ್ನು ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ, ಗಾಡಿ ನಿಂತು ಎಂಜಿನ್ನು ಮಾತ್ರ ಓಡುವ ಐಡಲ್‌ನಲ್ಲಿ ನಿಮಿಷಕ್ಕೆ 750 ಸುತ್ತು ತಿರುಗಿದರೆ ಸೆಕೆಂಡಿಗೆ 25 ಹೊಡೆತ. ಮೆತ್ತನೆಯ ರಬ್ಬರು ಆ ಹೊಡೆತಗಳ ಬಹುಪಾಲನ್ನು ತಾನೇ ನುಂಗಿಕೊಳ್ಳುತ್ತದೆ, 80ರ ಪಾಲಿ ಅದನ್ನು ಚಾಸಿಗೆ ದಾಟಿಸುತ್ತದೆ. ಗಾಡಿ ಓಡುವಾಗ ಹೊಡೆತಗಳು ಒತ್ತೊತ್ತಾಗಿ ಬಂದು ಬರೀ ಗುನುಗಿನಂತೆ ಕೇಳುತ್ತವೆ, ನಿಂತಾಗ ಒಂದೊಂದೂ ಬೇರೆಬೇರೆಯಾಗಿ ಮೈಗೆ ತಾಗುತ್ತದೆ.

ನನ್ನ ಅಪ್ಪ ಸುಗ್ಗಿಯಲ್ಲಿ ಮಾಲಿನ ಜೊತೆ ಬರುವವರು. ಸವಾಲು (ಹರಾಜು) ಆಗುವಾಗ ತಾವೇ ಎದುರು ನಿಲ್ಲಬೇಕೆಂಬುದು ಅವರ ಹಟ. ಅವರ ಮೊಣಕಾಲಿಗೆ ಮೊದಲೇ ನೋವಿದೆ. ಸಾಲಿನಲ್ಲಿ ನಿಂತ ಸ್ವಲ್ಪ ಹೊತ್ತಿಗೆ “ಗಾಡಿ ಬಂದ್ ಮಾಡೋ, ಮೊಣಕಾಲು ಝುಮ್ ಅಂತಾವ” ಎಂದು ಇಳಿದು, ಬಿಸಿಲಲ್ಲಿ ಗಾಡಿಯ ಪಕ್ಕದಲ್ಲಿ ನಡೆಯತೊಡಗಿದರು. ಅದನ್ನು ಕಂಡ ದಿನ ಈ ಸಾಮಾನಿನ ಮೇಲಿನ ನನ್ನ ಪ್ರೀತಿ ಪೂರಾ ಇಳಿದುಹೋಯಿತು. ಅಂಗಡಿಗೆ ಹೋಗಿ ಕೇಳಿದೆ; ಪಾಲಿ ಅಂದರೆ ಹಾಗೆಯೇ ಎಂಬ ಉತ್ತರ ಬಂತು. ಹಾಗೆಯೇ ಎಂದಾದರೆ ಮಾರುವ ಮುಂಚೆ ಹೇಳಬೇಕಿತ್ತು. ಡಬ್ಬಿಯ ಮೇಲೂ ಬಾಳಿಕೆ, ಬಿಗಿ ಎಂಬ ಮಾತುಗಳಿದ್ದವೇ ಹೊರತು ನಡುಕದ ಬಗ್ಗೆ ಒಂದಕ್ಷರವಿರಲಿಲ್ಲ.

ತೆಗೆಸಿ ಹಾಕುವ ಮನಸ್ಸಾಗಿದ್ದಾಗ ಉಸ್ತಾದರೇ ಇನ್ನೊಂದು ದಾರಿ ತೋರಿಸಿದರು. ಮುಂದಿನ ಎರಡು ಎಂಜಿನ್ ಮೌಂಟಿಂಗುಗಳು ಗಾಡಿಯಷ್ಟೇ ಹಳೆಯವು. ಕಲಬುರಗಿಯ ಬಿಸಿಲಿಗೆ, ಎಂಜಿನ್ನಿನ ಕಾವಿಗೆ ಒಣಗಿ ಕುಗ್ಗಿದ್ದವು. ಹಿಂದಿನದು ಗಡಸು, ಮುಂದಿನವು ಕಲ್ಲಿನಂತಾದ ರಬ್ಬರು. ಅಂದರೆ ನಡುಕವನ್ನು ನುಂಗುವ ಜಾಗ ಎಲ್ಲಿಯೂ ಉಳಿದಿರಲಿಲ್ಲ. ಮುಂದಿನ ಎರಡಕ್ಕೂ ಕಂಪನಿಯ ಹೊಸ ರಬ್ಬರ್ ಮೌಂಟಿಂಗುಗಳನ್ನೇ ಹಾಕಿಸಿದೆವು. ಎಂಜಿನ್ನಿನ ತೂಕದ ಬಹುಪಾಲು ಮುಂದಿನ ಎರಡರ ಮೇಲೆಯೇ ಇರುವುದರಿಂದ ಫಲ ಕೂಡಲೇ ಕಂಡಿತು. ಐಡಲನ್ನೂ ಒಂದಿಷ್ಟು ಏರಿಸಿದರು. ನಡುಕ ಪೂರ್ತಿ ಹೋಗಿಲ್ಲ. ಕನ್ನಡಿಯಲ್ಲಿ ಇನ್ನೂ ಸಣ್ಣ ಕಂಪನ ಇದೆ. ಆದರೆ ಈ ಸುಗ್ಗಿಯಲ್ಲಿ ಅಪ್ಪ ಗಂಜಿನ ಬಾಗಿಲ ತನಕ ಕೂತೇ ಬಂದರು. ಮುಂದಿನ ಮೌಂಟಿಂಗುಗಳು ಹಳೆಯವಿದ್ದರೆ ಹಿಂದೆ ಪಾಲಿ ಹಾಕಿಸುವ ಮೊದಲೇ ಅವನ್ನು ಬದಲಿಸುವುದು ಒಳ್ಳೆಯದು. ಮೂರಕ್ಕೂ ಪಾಲಿ ಹಾಕಿಸುವ ವಿಚಾರವನ್ನು ಬಾಡಿಗೆ ಓಡಿಸುವವರು ಬಿಡಬೇಕು. ದಿನವಿಡೀ ಅದರಲ್ಲಿ ಕೂಡುವವರು ನಾವೇ.

ಬಾಳಿಕೆಯ ಬಗ್ಗೆ ನನ್ನ ದೂರಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ತಾಪಮಾನ 42–43 ಡಿಗ್ರಿ ದಾಟುತ್ತದೆ. ಶಹಾಬಾದದ ಕಡೆ ಹಾಸುಗಲ್ಲು ತುಂಬುವಾಗ ಗಾಡಿಯ ತಳಕ್ಕೆ ನೆಲದ ಕಾವೂ ಸೇರುತ್ತದೆ. ಸೈಲೆನ್ಸರಿನ ಪೈಪು ಮೌಂಟಿಂಗಿನ ಹತ್ತಿರವೇ ಹಾದುಹೋಗುವುದರಿಂದ ನಡುವೆ ಒಂದು ತೆಳುವಾದ ತಗಡನ್ನು ಅಡ್ಡ ಹಾಕಿಸಿದ್ದೇನೆ. ಮೊನ್ನೆ ಆಯಿಲ್ ಬದಲಿಸುವಾಗ ಬ್ಯಾಟರಿ ಹಿಡಿದು ನೋಡಿದೆ: ಸೀಳಿಲ್ಲ, ಉಬ್ಬಿಲ್ಲ, ಅಂಚಿನಲ್ಲಿ ಬಣ್ಣ ಮಾತ್ರ ಮಾಸಿದೆ. ಮಳೆಗಾಲದ ಎರೆಮಣ್ಣಿನ ರಾಡಿ ಅಲ್ಲಿ ಗಟ್ಟಿ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಕಿರ್ ಎಂಬ ಸದ್ದು ಬರುತ್ತದೆ; ನೀರು ಹೊಡೆದರೆ ಹೋಗುತ್ತದೆ. ಕೊಳ್ಳುವವರು ಪಾಲಿಯಲ್ಲಿ ಪಾಲಿಈಥರ್ ಬಗೆಯದೇ ಎಂದು ಕೇಳಿ ತೆಗೆದುಕೊಳ್ಳಬೇಕು. ಪಾಲಿಎಸ್ಟರ್ ಬಗೆಯದು ಬಹಳ ಕಾಲ ತೇವದಲ್ಲಿದ್ದರೆ ಪುಡಿಯಾಗುತ್ತದೆ.

ಬೆಲೆ ಹೆಚ್ಚೇ? ನನ್ನ ಮಟ್ಟಿಗೆ ಅಲ್ಲ. 8 ವರ್ಷ ದಾಟಿದ ಸಾಗಣೆ ವಾಹನಕ್ಕೆ ಪ್ರತಿ ವರ್ಷ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಅಂದರೆ ಎಫ್‌ಸಿ ಮಾಡಿಸಬೇಕು, ಅದರ ಮುಂಚೆ ಬಣ್ಣ, ಬ್ರೇಕು, ದೀಪ ಎಂದು ಹೇಗೂ ಖರ್ಚಿರುತ್ತದೆ. ಹೊಸ ಗಾಡಿಯ ಕಂತು ಕಟ್ಟುವ ಧೈರ್ಯ ತೊಗರಿಯ ಬೆಲೆಯನ್ನು ನಂಬಿದವರಿಗೆ ಸುಲಭವಾಗಿ ಬರುವುದಿಲ್ಲ. ಹಳೆಯದನ್ನೇ ಇನ್ನೂ ಕೆಲ ವರ್ಷ ಗಟ್ಟಿಯಾಗಿ ಓಡಿಸಬೇಕೆಂದು ನಿಶ್ಚಯಿಸಿದ ಮೇಲೆ, ಎರಡು ಮೂರು ವರ್ಷಕ್ಕೊಮ್ಮೆ ಗಾಡಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸುವ ಅಗ್ಗದ ಸಾಮಾನಿಗಿಂತ ಇದು ಲಾಭದ್ದು.

ಹುಮನಾಬಾದಿನಲ್ಲಿರುವ ನಮ್ಮ ಭಾವನವರಿಗೂ ಇಂಥದೇ ಪಿಕಪ್ ಇದೆ. ಅವರು ತರಕಾರಿಯ ಕ್ರೇಟುಗಳನ್ನು ಅಂಗಡಿಯಿಂದ ಅಂಗಡಿಗೆ ಇಳಿಸುತ್ತ, ಎಂಜಿನ್ನು ಚಾಲೂ ಇಟ್ಟುಕೊಂಡೇ ಬೆಳಗೆಲ್ಲ ನಿಂತು ನಿಂತು ಹೋಗುವವರು. ಹೊರೆ ಹಗುರ, ಏರು ದಾರಿ ಕಡಿಮೆ. ನನ್ನ ಗಾಡಿಯ ಗೇರು ಹಾಕಿ ನೋಡಿ ಅವರಿಗೂ ಆಸೆಯಾಗಿತ್ತು. ಬೇಡ ಎಂದೆ. ಆಯಿಲ್ ಸೀಲನ್ನು ಮೊದಲು ಬದಲಿಸಿ, ಮೂರಕ್ಕೂ ಕಂಪನಿಯ ರಬ್ಬರನ್ನೇ ಹಾಕಿಸಿಕೊಳ್ಳಿ ಎಂದು ಹೇಳಿದೆ. ಅವರು ಹಾಗೆಯೇ ಮಾಡಿದ್ದಾರೆ.