ಬಾರ್ಸಿಲೋನಾದ ಬೇಲಿ ಚಕ್ರವ್ಯೂಹ: ಭಾನುವಾರ ಮಾತ್ರ ಹೋಗಬೇಡಿ

ಲಾಲ್‌ಬಾಗಿನ ಸಿದ್ದಾಪುರ ಗೇಟಿನ ಹತ್ತಿರ ನಮ್ಮದೊಂದು ಸಣ್ಣ ನರ್ಸರಿ ಇದೆ. ಬೇಲಿ ಗಿಡ ಮಾರೋದೇ ಹೊಟ್ಟೆಪಾಡು. ಮಗಳನ್ನು ನೋಡೋಕೆ ಬಾರ್ಸಿಲೋನಾಕ್ಕೆ ಹೋದಾಗ ಅವಳು "ಅಪ್ಪಾ, ಬೇಲಿಯಲ್ಲೇ ಕಟ್ಟಿದ ಚಕ್ರವ್ಯೂಹ ತೋರಿಸ್ತೀನಿ ಬಾ" ಅಂದಳು. ಚರ್ಚು, ಮ್ಯೂಸಿಯಂ ಎಲ್ಲ ಪಕ್ಕಕ್ಕಿಟ್ಟು ಹೊರಟೆ.

ಆ ಚಕ್ರವ್ಯೂಹದ ಪಾರ್ಕ್ ಇರೋದು ಊರಂಚಿನ ಓರ್ತಾದಲ್ಲಿ. ಮುಂದೆತ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆಯಬೇಕು. ನಮ್ಮ ಲಾಲ್‌ಬಾಗಿನ ಹಾಗೆ ಅಲ್ಲಿಗೂ ಹಸಿರು ಲೈನೇ! ಬುಧವಾರ, ಭಾನುವಾರ ಟಿಕೆಟ್ ಇಲ್ಲ. ದುಡ್ಡು ಉಳಿಯುತ್ತೆ ಅಂತ ನಾನೇ ಹಟ ಹಿಡಿದು ಭಾನುವಾರ ಹೊರಡಿಸಿದೆ. ತಪ್ಪಾಗಿದ್ದೇ ಅಲ್ಲಿ. ಅಷ್ಟೊಂದು ಜನ ಇದ್ದರೆ ದಾರಿ ತಪ್ಪೋದಾದರೂ ಹೇಗೆ? ಮುಂದಿನವರ ಬೆನ್ನು ನೋಡಿಕೊಂಡು ನಡೆದೆವು, ಸೀದಾ ನಡುವಿನ ಎರೋಸ್ ಪ್ರತಿಮೆ ಮುಂದೆ ನಿಂತೆವು. ಎರೋಸ್ ಅಂದರೆ ಗ್ರೀಕರ ಮನ್ಮಥ.

ಬಾಗಿಲಲ್ಲಿ ಒಂದು ಕೆತ್ತನೆ ಇದೆ. ಚಕ್ರವ್ಯೂಹದ ಒಳಗೆ ಹೋಗಿ ವಾಪಸ್ ಬರಲಿ ಅಂತ ಗ್ರೀಕ್ ಪುರಾಣದ ರಾಜಕುಮಾರಿ ಅರಿಯಾಡ್ನೆ ವೀರ ಥೀಸಿಯಸ್‌ಗೆ ದಾರದ ಉಂಡೆ ಕೊಡುತ್ತಿದ್ದಾಳೆ. "ಅಭಿಮನ್ಯುಗೆ ಇಂಥವಳೊಬ್ಬಳು ಸಿಗಲಿಲ್ಲ ನೋಡಿ" ಅಂದಳು ನನ್ನ ಹೆಂಡತಿ.

ದೆಸ್ವಾಲ್ಸ್ ಅನ್ನೋ ಮಾರ್ಕಿಸ್ (ಅಲ್ಲಿನ ಶ್ರೀಮಂತರ ಒಂದು ಪದವಿ) ತನ್ನ ತೋಟದಲ್ಲಿ ಇದರ ಕೆಲಸ ಶುರು ಮಾಡಿಸಿದ್ದು 1791ರಲ್ಲಿ. ನಕ್ಷೆ ಇಟಲಿಯ ವಾಸ್ತುಶಿಲ್ಪಿ ಬಾಗುತ್ತಿಯದು. ಕಾರ್ನ್‌ವಾಲಿಸ್ ನಮ್ಮ ಬೆಂಗಳೂರು ಕೋಟೆ ಹಿಡಿದದ್ದೂ ಅದೇ ವರ್ಷ. ಈ ಪಾರ್ಕನ್ನು ಜನರಿಗೆ ತೆರೆದದ್ದು 1971ರಲ್ಲಿ.

ಈಗ ಬೇಲಿಯ ವಿಷಯ. ಗಿಡ ಸೈಪ್ರೆಸ್. ಗೋಡೆ ನನಗಿಂತ ಎತ್ತರ, ಚಾಕುವಿನಲ್ಲಿ ಕುಯ್ದ ಮೈಸೂರು ಪಾಕಿನ ಹಾಗೆ ನೇರ. ಸುಮ್ನೆ ಕೈ ತೂರಿಸಿ ನೋಡಿದೆ. ಹಸಿರು ಇರೋದು ಒಂದು ಗೇಣು ಮಾತ್ರ, ಒಳಗೆಲ್ಲ ಬೋಳು ಕಡ್ಡಿ, ಕಂದು ಪುಡಿ. ಅಂಗೈಯೆಲ್ಲ ಅಂಟಿನ ವಾಸನೆ. ನಾನು ಮಾರೋ ಡುರಾಂಟಾ ಆದರೆ ಮೊಣಕಾಲಿನವರೆಗೆ ಕತ್ತರಿಸಿದರೂ ಒಂದು ಮಳೆಗೆ ಮತ್ತೆ ತುಂಬಿಕೊಳ್ಳುತ್ತೆ. ಸೈಪ್ರೆಸ್ ಹಾಗಲ್ಲ. ಬೋಳಾದ ಹಳೇ ಕಡ್ಡಿ ಚಿಗುರೋದಿಲ್ಲ. ಕತ್ತರಿ ಜಾಸ್ತಿ ಒಳಗೆ ಹೋಯಿತೋ, ಆ ಜಾಗ ಹೋಯಿತು ಅಂತಲೇ ಲೆಕ್ಕ. ಅಲ್ಲಿನ ಮಾಲಿಗಳಿಗೆ ದೊಡ್ಡ ನಮಸ್ಕಾರ.

ನನ್ನ ಕಣ್ಣೆದುರೇ ಒಬ್ಬ ಹುಡುಗ ಅಡ್ಡದಾರಿಗೆ ಅಂತ ಬೇಲಿಯೊಳಗೆ ನುಗ್ಗಿದ. ಲಟಲಟ ಅಂತು. ನನಗೆ ಹೊಟ್ಟೆ ಉರಿಯಿತು. "ಏಯ್, ಬಾರೋ ಈಚೆಗೆ!" ಅಂತ ಕನ್ನಡದಲ್ಲೇ ಗದರಿದೆ. ಬಂದ.

ಐದರಲ್ಲಿ ನಾಲ್ಕು ಸ್ಟಾರ್. ಕಳೆದ ಒಂದು ನನ್ನ ಜಿಪುಣತನಕ್ಕೆ. ನೀವು ಟಿಕೆಟ್ ತಗೊಂಡು ಬೇರೆ ದಿನ ಹೋಗಿ, ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೇ.

ವಾಪಸ್ ಬಂದ ಮೇಲೆ ಫೋಟೋ ನೋಡಿದ ಗಿರಾಕಿಯೊಬ್ಬರು "ನಮ್ಮನೇಲೂ ಇಂಥದ್ದು ಮಾಡ್ಕೊಡ್ತೀರಾ?" ಅಂತ ಕೇಳಿದರು. ಮೂವತ್ತು-ನಲವತ್ತು ಸೈಟು, ಅದರಲ್ಲೇ ಕಾರು ನಿಲ್ಲಿಸಬೇಕು. ಎರಡು ಡಜನ್ ಡುರಾಂಟಾ ಕೊಟ್ಟು ಕಳಿಸಿದೆ.