ಅಮ್ಮಂದಿರನ್ನು ಹೊರಗೆ ಕೂರಿಸಿದ ‘ಅಮ್ಮ-ಮಗು ಸಂಗೀತ’: ತುಮಕೂರಿನವರು ಫೀಸು ಕಟ್ಟುವ ಮುಂಚೆ ಓದಿ

ತುಮಕೂರಿನಲ್ಲಿ ಬೇಸಿಗೆ ರಜೆಗೆ ಶುರುವಾದ ಒಂದು ‘ಅಮ್ಮ-ಮಗು ಸಂಗೀತ’ ಕ್ಲಾಸಿಗೆ ಮೂರು ತಿಂಗಳ ಫೀಸು 7,200 ರೂಪಾಯಿ ಮುಂಗಡ ಕಟ್ಟಿದ ಮನೆಗಳವರು ಈಗ ದುಡ್ಡು ವಾಪಸ್ ಕೇಳಿಕೊಂಡು ಅಲೆಯುತ್ತಿದ್ದಾರೆ. ಕ್ಲಾಸಿನ ಹೆಸರು ಇಲ್ಲಿ ಹಾಕುತ್ತಿಲ್ಲ. ಬೋರ್ಡು ಬದಲಾದರೂ ಅಲ್ಲಿ ನಡೆದ ತಪ್ಪುಗಳು ಇನ್ನೊಂದು ಬಡಾವಣೆಯಲ್ಲಿ ಹಾಗೇ ನಡೆಯುತ್ತವೆ, ತಿಳಿಯಬೇಕಾದದ್ದು ಅವನ್ನೇ. ದುಡ್ಡಿಗಿಂತ ಹೆಚ್ಚಾಗಿ ಅಲ್ಲಿ ಮಕ್ಕಳ ಕಿವಿಗೆ, ಗಂಟಲಿಗೆ ಒದಗಿದ್ದ ಅಪಾಯ ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇವೆ.

ಡೆಮೊ ದಿನ ಎಲ್ಲ ಸರಿಯಾಗೇ ಇತ್ತು. ಆರು ಮಕ್ಕಳು, ಪ್ರತಿ ಮಗುವಿನ ಜೊತೆ ಅಮ್ಮನೋ ಅಜ್ಜಿಯೋ, ನೆಲಕ್ಕೆ ಜಮಖಾನ, ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಬಾಯಲ್ಲೇ ಹಾಡಿ ತೋರಿಸಿದ ಮೇಡಂ. ಬ್ಯಾಚು ಶುರುವಾದಾಗ ಮಕ್ಕಳು ಹದಿನೇಳಾಗಿದ್ದರು. ಎರಡನೇ ವಾರದಿಂದ ಆ ಮೇಡಂ ಬರಲಿಲ್ಲ. ಅವರ ಜಾಗಕ್ಕೆ ಒಂದು ಟಿವಿ, ಕರೋಕೆ ಟ್ರ್ಯಾಕು, ಮದುವೆ ಮನೆಗೆ ತರುವಂಥ ಚಕ್ರದ ಸ್ಪೀಕರ್ ಬಂತು. ಮೂರನೇ ವಾರ, “ನೀವು ಒಳಗಿದ್ರೆ ಮಕ್ಕಳು ತೊಡೆ ಬಿಟ್ಟು ಏಳಲ್ಲ ಮೇಡಂ, ಸ್ವಲ್ಪ ಹೊರಗೆ ಕೂತ್ಕೊಳಿ” ಅಂದು ಅಮ್ಮಂದಿರನ್ನು ಮೆಟ್ಟಿಲ ಹತ್ತಿರದ ಕುರ್ಚಿಗಳಿಗೆ ಕಳಿಸಿದರು. ಕೆಟ್ಟದ್ದೆಲ್ಲ ಶುರುವಾದದ್ದು ಆ ಕುರ್ಚಿಗಳಿಂದ.

ಐದು ವರ್ಷದೊಳಗಿನ ಮಗುವಿಗೆ ಸಂಗೀತ ಹತ್ತುವುದು ತನ್ನವರ ಮೈಯಿಂದ. ತೊಡೆಯ ಮೇಲೆ ಕೂರಿಸಿಕೊಂಡು ತಾಳಕ್ಕೆ ತೂಗಿದಾಗ ಲಯ ಅದರ ಸೊಂಟಕ್ಕೆ, ಕಾಲಿಗೆ ಗೊತ್ತಾಗುತ್ತದೆ. ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳ ಕೈಗೆ ಡೋಲು ಕೊಟ್ಟು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮಾಡಿದ್ದರು. ಯಂತ್ರ ಬಡಿಯುವ ತಾಳಕ್ಕಿಂತ ಎದುರಿಗೆ ಕೂತ ಮನುಷ್ಯ ಬಡಿಯುವ ತಾಳಕ್ಕೆ ಮಕ್ಕಳು ಚೆನ್ನಾಗಿ ಹೊಂದಿಕೊಂಡರು. ಹೀಗಿರುವಾಗ ಅಮ್ಮನನ್ನು ಎಬ್ಬಿಸಿ ಆ ಜಾಗಕ್ಕೆ ಸ್ಪೀಕರ್ ಇಟ್ಟರೆ ಕ್ಲಾಸಿನ ತಿರುಳೇ ಹೋಯಿತು. ಅಜ್ಜಿಗೆ ಹಾಡಲು ಬರುವುದಿಲ್ಲ, ಶ್ರುತಿ ಇಲ್ಲ ಅನ್ನುವ ಮಾತಿಗೂ ಬೆಲೆಯಿಲ್ಲ. ಅಜ್ಜಿಯ ಬೀಸುವ ಪದ, ಜೋಗುಳ ಮಗುವಿನ ಕಿವಿಗೆ ಆಗಲೇ ಪರಿಚಯ. ಒಳ್ಳೆಯ ಮೇಷ್ಟ್ರು ಅಜ್ಜಿಯನ್ನೇ ಮುಂದೆ ಕೂರಿಸಿ ಹಾಡಿಸುತ್ತಾರೆ.

ಇನ್ನು ಸದ್ದಿನ ವಿಚಾರ. ಇದನ್ನು ಹೆಚ್ಚಿನ ತಂದೆತಾಯಿ ಗಮನಿಸುವುದೇ ಇಲ್ಲ. ಆ ಹಾಲು ರೋಲಿಂಗ್ ಶಟರ್ ಹಾಕಿದ ಅಂಗಡಿ ಮಳಿಗೆ. ನೆಲಕ್ಕೆ ಟೈಲ್ಸು, ಮೂರು ಕಡೆ ಬೋಳು ಗೋಡೆ, ಪರದೆ ಇಲ್ಲ. ಅಂಥ ಕೋಣೆಯಲ್ಲಿ ಸದ್ದು ಹೀರಿಕೊಳ್ಳುವಂಥದ್ದು ಹೆಚ್ಚೇನೂ ಇರುವುದಿಲ್ಲ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ಸ್ಪೀಕರ್ ನೆಲದ ಮೇಲಿತ್ತು, ಮುಂದಿನ ಸಾಲಿನ ಮಕ್ಕಳ ಕಿವಿಗೆ ಸರಿಯಾಗಿ ಮೂರಡಿ ದೂರದಲ್ಲಿ. ನಿಂತ ದೊಡ್ಡವರಿಗೆ ಜೋರು ಅನ್ನಿಸಿದ್ದು ಕೂತ ಮಗುವಿಗೆ ಅದಕ್ಕಿಂತ ಜೋರು. ಮಗುವಿನ ಕಿವಿಯ ಎತ್ತರಕ್ಕೆ ಫೋನ್ ಹಿಡಿದು ನೋಡಿದಾಗ 93 ಡೆಸಿಬಲ್ ಆಸುಪಾಸು ತೋರಿಸಿತು. ಫೋನಿನ ಮೀಟರ್ ಕೆಲವು ಡೆಸಿಬಲ್ ಹಿಂದೆಮುಂದೆ ಹೋಗುತ್ತದೆ ಅಂತ ಇಟ್ಟುಕೊಂಡರೂ ಲೆಕ್ಕ ಮಾಡಿ ನೋಡಿ. ಹೆಡ್‌ಫೋನಿನಂಥ ಸಾಧನಗಳಲ್ಲಿ ಹಾಡು ಕೇಳುವ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 75 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 84ಕ್ಕೆ ಐದು ಗಂಟೆ, 90ಕ್ಕೆ ಒಂದೂಕಾಲು ಗಂಟೆ, 93ಕ್ಕೆ ಬರೀ 37 ನಿಮಿಷ. ಅಂದರೆ 45 ನಿಮಿಷದ ಒಂದೇ ಕ್ಲಾಸಿನಲ್ಲಿ ಇಡೀ ವಾರದ ಪಾಲು ಮುಗಿದು ಮೇಲೆ ಎಂಟು ನಿಮಿಷ ಹೆಚ್ಚೇ ಆಯಿತು. ಕಿವಿ ಮುಚ್ಚಿಕೊಂಡು ಅಳುತ್ತಿದ್ದ ಮಕ್ಕಳನ್ನು ‘ಸಂಕೋಚದ ಮಗು’ ಅಂದರು. ಸಂಕೋಚ ಅಲ್ಲ, ಆ ಮಕ್ಕಳಿಗೆ ತಡೆಯಲಾಗುತ್ತಿರಲಿಲ್ಲ.

ಹೊಸ ಜಾಗಕ್ಕೆ ಹೋದಾಗ ಮಧ್ಯದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ತಟ್ಟನೆ ನಿಂತರೆ ಸರಿ, ‘ಣ್‌’ ಅಂತ ಗುಂಯ್‌ಗುಟ್ಟಿದರೆ ಆ ಕೋಣೆ ಚಿಕ್ಕ ಮಕ್ಕಳ ಸಂಗೀತಕ್ಕೆ ಆಗಿಬರುವುದಿಲ್ಲ. ದಪ್ಪ ಜಮಖಾನ, ಒಂದೆರಡು ಹಳೇ ಕಂಬಳಿ ಗೋಡೆಗೆ ಕಟ್ಟಿದರೂ ಎಷ್ಟೋ ವ್ಯತ್ಯಾಸವಾಗುತ್ತದೆ. ಹತ್ತು ಮಕ್ಕಳ ಕ್ಲಾಸಿಗೆ ಸ್ಪೀಕರ್ ಬೇಕೇ ಬೇಕಿಲ್ಲ.

ಈಗ ಗೆಜ್ಜೆ. ನಾಲ್ಕನೇ ವಾರ ಮಕ್ಕಳ ಕೈಗೆ ಕಟ್ಟಲು ರಿಬ್ಬನ್ನಿನ ಗೆಜ್ಜೆಪಟ್ಟಿ ಹಂಚಿದರು. ಗೆಜ್ಜೆಗಳನ್ನು ಹೊಲಿದಿರಲಿಲ್ಲ, ಅಂಟು ಗನ್ನಿನಿಂದ ಅಂಟಿಸಿದ್ದರು. ಒಂದೊಂದು ಗೆಜ್ಜೆ ಹುಣಸೆ ಬೀಜಕ್ಕಿಂತ ತುಸು ದೊಡ್ಡದು. ಹದಿನಾಲ್ಕು ತಿಂಗಳ ಮಗುವಿನ ಪಟ್ಟಿಯಲ್ಲಿ ಒಂಬತ್ತರ ಬದಲು ಏಳೇ ಉಳಿದಿದ್ದವು. ಒಂದು ಜಮಖಾನದ ಕೆಳಗೆ ಸಿಕ್ಕಿತು, ಇನ್ನೊಂದು ಮಗುವಿನ ಬಾಯಲ್ಲಿತ್ತು. ಕೆಮ್ಮು ಕೇಳಿ ಹೊರಗಿನಿಂದ ಅಜ್ಜಿ ಓಡಿ ಬಂದು ನೋಡಿದಾಗ ಅದು ಇನ್ನೂ ಕೆನ್ನೆಯ ಹತ್ತಿರ ಕಾಣುತ್ತಿತ್ತು, ತೆಗೆದರು. ಒಳಗಿದ್ದ ಹದಿನೇಳು ಮಕ್ಕಳಿಗೆ ನೋಡಿಕೊಳ್ಳುವವರು ಇಬ್ಬರೇ.

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿಭಾಗವೂ 31.7 ಮಿಲಿಮೀಟರ್ ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದು ಎಂಬುದು ಸುರಕ್ಷತೆಯ ಅಳತೆ. ಅಂದಾಜಿಗೆ ಹತ್ತು ರೂಪಾಯಿ ನಾಣ್ಯ ಹಿಡಿದುಕೊಳ್ಳಿ. ಅದು 27 ಮಿಲಿಮೀಟರ್. ಆ ನಾಣ್ಯದಷ್ಟಿರುವುದನ್ನು ಮಾತ್ರವಲ್ಲ, ಅದಕ್ಕಿಂತ ಸ್ವಲ್ಪ ದೊಡ್ಡದನ್ನೂ ಕೊಡಬಾರದು ಅಂದಹಾಗಾಯಿತು. ಖಾಲಿ ಬಾಟಲಿಗೆ ಕಡಲೆಬೀಜ, ಹೆಸರುಕಾಳು ತುಂಬಿ ಮಾಡುವ ಗಿಲಕಿಯೂ ಅಪಾಯವೇ. ಮುಚ್ಚಳ ಕಳಚಿ ಕಾಳು ಉಸಿರುನಾಳಕ್ಕೆ ಹೋದರೆ ಅಲ್ಲಿನ ತೇವಕ್ಕೆ ಉಬ್ಬಿ ಇನ್ನಷ್ಟು ಬಿಗಿಯುತ್ತದೆ. ಮಾಡಲೇಬೇಕಿದ್ದರೆ ರಾಗಿ ತುಂಬಿ, ಮುಚ್ಚಳದ ಒಳಸುತ್ತಿಗೆ ಅಂಟು ಹಾಕಿ ತಿರುಗಿಸಿ, ಮೇಲೆ ಟೇಪು ಸುತ್ತಿ, ಪ್ರತಿ ಕ್ಲಾಸಿಗೂ ಮುಂಚೆ ಎಳೆದು ನೋಡಬೇಕು. ಬೆಳಕು ಬರುವ ಆಟದ ಕೀಬೋರ್ಡುಗಳ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೋ ನೋಡಿ. ನಾಣ್ಯದಂಥ ಲಿಥಿಯಂ ಸೆಲ್ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಬಲ್ಲದು.

ಗಂಟಲಿಗೆ ಸಿಕ್ಕಿಕೊಂಡದ್ದು ಕಣ್ಣಿಗೆ ಕಾಣದಿದ್ದರೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು, ದನಿ ಎರಡೂ ನಿಂತರೆ, ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ ಎರಡು ಭುಜದ ನಡುವೆ ಅಂಗೈ ಬುಡದಿಂದ ಐದು ಸಲ ತಟ್ಟಬೇಕು, ತಿರುಗಿಸಿ ಒಂದು ಅಂಗೈ ಬುಡದಿಂದ ಎದೆಯ ನಡುವೆ ಐದು ಸಲ ಒತ್ತಬೇಕು, ಹೀಗೇ ಮುಂದುವರಿಸಬೇಕು. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ತಟ್ಟಿದ ಮೇಲೆ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಒತ್ತುವುದು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಕ್ಲಾಸು ನಡೆಸುವವರಿಗೆ ಇದು ಬರುತ್ತದೆಯೇ ಅಂತ ಡೆಮೊ ದಿನವೇ ಕೇಳಿ. ಆ ಕ್ಲಾಸಿನಲ್ಲಿ ಇಬ್ಬರಿಗೂ ಬರುತ್ತಿರಲಿಲ್ಲ.

ಒಂದು ಮಗು ಕಚ್ಚಿದ ಗಿಲಕಿಯನ್ನು ಮುಂದಿನ ಮಗುವಿಗೆ ಕೊಡುವ ಮುಂಚೆ ಸ್ಯಾನಿಟೈಸರ್ ಚಿಮುಕಿಸಿ ಒರೆಸುತ್ತಿದ್ದರು. ಮಕ್ಕಳಲ್ಲಿ ಬಾಯಿ, ಕೈ, ಕಾಲಲ್ಲಿ ಗುಳ್ಳೆ ಏಳಿಸುವ ವೈರಸ್ಸಿಗೆ ಆಲ್ಕೋಹಾಲ್ ಸ್ಯಾನಿಟೈಸರ್ ಸರಿಯಾಗಿ ನಾಟುವುದಿಲ್ಲ. ಪ್ಲಾಸ್ಟಿಕ್ ಗಿಲಕಿಯನ್ನು ಸೋಪಿನ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಚನ್ನಪಟ್ಟಣದ ಮರದ ಗಿಲಕಿಗೆ ಸ್ಯಾನಿಟೈಸರ್ ಇನ್ನೂ ಕೆಟ್ಟದ್ದು. ಅದರ ಬಣ್ಣದ ಲೇಪ ಅರಗಿನದು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಮೇಲ್ಮೈ ಅಂಟಂಟಾಗಿ ಮಗುವಿನ ತುಟಿಗೇ ಬಣ್ಣ ಹತ್ತುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಆರಲು ಬಿಟ್ಟರೆ ಸಾಕು. ಅದಕ್ಕೆ ಮಕ್ಕಳ ಸಂಖ್ಯೆಯ ಎರಡರಷ್ಟು ಗಿಲಕಿ ಇಟ್ಟುಕೊಂಡು, ಕಚ್ಚಿದ್ದನ್ನು ಹಾಕಲು ಬೇರೆ ಬುಟ್ಟಿ ಇಡುವವರು ಕೆಲಸ ತಿಳಿದವರು.

ಕರೋಕೆ ಟ್ರ್ಯಾಕಿನ ಶ್ರುತಿಯೂ ಮಕ್ಕಳದ್ದಲ್ಲ. ಹಾರ್ಮೋನಿಯಂನ ಮಧ್ಯ ಸಪ್ತಕದಲ್ಲಿ ಬಿಳಿ ಒಂದನ್ನು ಷಡ್ಜ ಅಂತ ಹಿಡಿದರೆ, ಅಲ್ಲಿನ ರಿಷಭದಿಂದ ಧೈವತದವರೆಗೆ, ಹೆಚ್ಚುಕಡಿಮೆ ಐದೇ ಸ್ವರದಲ್ಲಿ ಶಾಲೆಗೆ ಸೇರುವ ಮುಂಚಿನ ಮಕ್ಕಳ ದನಿ ಹಾಯಾಗಿ ಓಡಾಡುತ್ತದೆ. ಗಂಡಸರ ದನಿಯ ಟ್ರ್ಯಾಕು ಅದಕ್ಕಿಂತ ಕೆಳಗೆ. ಮಕ್ಕಳು ಸ್ವರ ಬಿಟ್ಟು ಬರೀ ಕಿರುಚುತ್ತಾರೆ. ‘ಜೋರಾಗಿ, ಇನ್ನೂ ಜೋರಾಗಿ’ ಅನ್ನುವವರ ಹತ್ತಿರ ದನಿ ಕೆಡುತ್ತದೆಯೇ ಹೊರತು ಹಾಡು ಬರುವುದಿಲ್ಲ. ಕ್ಲಾಸಿನಲ್ಲಿ ಪಿಟ್ಟೆನ್ನದ ಮಗು ಮನೆಗೆ ಬಂದು ಸ್ನಾನ ಮಾಡಿಸುವಾಗ ಪೂರ್ತಿ ಹಾಡುವುದು ತೀರಾ ಸಾಮಾನ್ಯ. ಅದನ್ನು ಗದರಿಸಿ ವೇದಿಕೆಗೆ ತಳ್ಳಬಾರದು.

ಜಾಹೀರಾತಿನಲ್ಲಿ ‘ಸಂಗೀತ ಕೇಳಿದರೆ ಬುದ್ಧಿಮಟ್ಟ ಏರುತ್ತದೆ’ ಅಂತ ಹಾಕಿದ್ದರು. ಆ ಮಾತಿನ ಮೂಲ 1993ರ ಒಂದು ಪ್ರಯೋಗ. ಅದರಲ್ಲಿ ಇದ್ದವರು 36 ಕಾಲೇಜು ವಿದ್ಯಾರ್ಥಿಗಳು, ಒಂದೇ ಒಂದು ಮಗುವೂ ಇರಲಿಲ್ಲ. ಮೊಜಾರ್ಟ್ ಸಂಗೀತ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ಊಹಿಸುವ ಒಂದು ಬಗೆಯ ಪರೀಕ್ಷೆಯಲ್ಲಿ ಕಂಡ ಏರಿಕೆ ಹತ್ತು-ಹದಿನೈದು ನಿಮಿಷ ಮಾತ್ರ ಉಳಿಯಿತು. ಟಿವಿ ಬಗ್ಗೆಯೂ ಒಂದು ಮಾತು: ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಅನ್ನುವುದು 2019ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ದುಡ್ಡು ಕೊಡುವಾಗ ತಿಂಗಳು ತಿಂಗಳು ಕೊಡಿ, ಮುಂಗಡ ಬೇಡ. ರಸೀತಿಯಲ್ಲಿ ಎಷ್ಟು ಕ್ಲಾಸು, ಕಲಿಸುವವರು ಯಾರು, ಬ್ಯಾಚಿಗೆ ಎಷ್ಟು ಮಕ್ಕಳು, ಪೋಷಕರು ಒಳಗಿರುತ್ತಾರೆ ಅನ್ನುವುದು ಬರೆಸಿಕೊಳ್ಳಿ. ಈ ಮನೆಯವರ ಹತ್ತಿರ ಇರುವುದು ಫೋನ್‌ಪೇ ಸ್ಕ್ರೀನ್‌ಶಾಟ್ ಮಾತ್ರ. ಜಿಎಸ್‌ಟಿ ಅಂತ ಸೇರಿಸಿ ಕೇಳಿದರೆ ಬಿಲ್ಲಿನಲ್ಲಿ ನಂಬರು ಇರಲೇಬೇಕು. ಕರ್ನಾಟಕದ ನೋಂದಣಿಯಾದರೆ ಅದು 29ರಿಂದ ಶುರುವಾಗುವ ಹದಿನೈದು ಅಂಕಿ-ಅಕ್ಷರ. ಬಿಲ್ಲು ಕೊಡದಿರುವುದು, ಸೇವೆಯಲ್ಲಿ ಕೊರತೆಯಿದ್ದರೂ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ದುಡ್ಡು ಹಿಂದಿರುಗಿಸಲು ಒಪ್ಪದಿರುವುದು, ಎರಡನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಮೊದಲು ಬರವಣಿಗೆಯಲ್ಲಿ ಕೇಳಿ, ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ಜವಾಬು ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದರಿಂದಲೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಡೆಮೊ ದಿನದ ಪಾಂಪ್ಲೆಟ್ಟು, ವಾಟ್ಸಾಪ್ ಮೆಸೇಜು, ಉದುರಿದ ಆ ಗೆಜ್ಜೆ, ಏನನ್ನೂ ಬಿಸಾಡಬೇಡಿ.