ಬ್ರಿಸಲ್‌ನೋಸ್ ಅಂತ ಸಾದಾ ಸಕ್ಕರ್ ಮೀನು ಕೊಡ್ತಾರೆ, ಹುಷಾರು

ಬೆಂಗಳೂರಿನಲ್ಲಿ ಅಕ್ವೇರಿಯಂ ಇಟ್ಟಿರುವವರು ದಯವಿಟ್ಟು ಓದಿ. ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನಮ್ಮದು ಎರಡಡಿ ಟ್ಯಾಂಕ್, ಎರಡು ಗೋಲ್ಡ್‌ಫಿಶ್. ಗಾಜಿಗೆ ಪಾಚಿ ಕಟ್ಟುತ್ತಿತ್ತು, ಅದನ್ನು ತಿನ್ನಲು ಸಕ್ಕರ್ ಮೀನು ಬೇಕಿತ್ತು. ಸಾದಾ ಸಕ್ಕರ್ ಒಂದಡಿ ಮೀರಿ ಬೆಳೆಯುತ್ತದೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಅಂಗಡಿಯಲ್ಲಿ ಬಿಡಿಸಿ ಹೇಳಿದೆ, ಐದಾರು ಇಂಚಿಗೆ ನಿಲ್ಲುವ, ಮೂತಿ ಮೇಲೆ ಮೀಸೆಯಂಥ ಎಳೆ ಬರುವ ಬ್ರಿಸಲ್‌ನೋಸ್ ಸಕ್ಕರ್ ಇದ್ದರೆ ಮಾತ್ರ ಕೊಡಿ ಅಂತ. ಎರಡಿಂಚಿನ ಮರಿ ಕೊಟ್ಟರು. 350 ರೂಪಾಯಿ.

"ಮೂತಿ ಮೇಲೆ ಮೀಸೆನೇ ಇಲ್ವಲ್ಲಾ?" ಅಂತ ಕೇಳಿದೆ. ಕೇಳಿದ್ದೆ!

"ಇನ್ನೂ ಮರಿ ಮೇಡಂ, ದೊಡ್ಡದಾದ್ಮೇಲೆ ಬರುತ್ತೆ."

ಮರಿಗೆ ಮೀಸೆ ಇರುವುದಿಲ್ಲ ಅನ್ನುವುದು ನಿಜವೇ. ಆ ನಿಜವನ್ನೇ ಹಿಡಿದು ಟೋಪಿ ಹಾಕಿದರು.

ಆರು ತಿಂಗಳು ಕಾದು ಫೋನ್ ಮಾಡಿದೆ. "ಹಾಗಾದ್ರೆ ಹೆಣ್ಣಿರಬೇಕು, ಹೆಣ್ಣಿಗೆ ಮೀಸೆ ಬರಲ್ಲ" ಅಂದರು. ಅದನ್ನೂ ನಂಬಿದೆ. ಮೀನು ಒಂಬತ್ತಿಂಚಾಯಿತು. ಬೆನ್ನಿನ ರೆಕ್ಕೆ ಬಿಚ್ಚಿದರೆ ದೋಣಿಯ ಹಾಯಿಯ ಹಾಗೆ. ಒಂದು ರಾತ್ರಿ ಲೈಟ್ ಹಾಕಿದೆ. ಅದು ಗೋಲ್ಡ್‌ಫಿಶ್ ಮೈಗೆ ಅಂಟಿಕೊಂಡು ಲೋಳೆ ಹೀರುತ್ತಿತ್ತು. ಪಕ್ಕೆಯಲ್ಲಿ ಕೆಂಪು ಗಾಯ. ಮೂರನೇ ದಿನ ಗೋಲ್ಡ್‌ಫಿಶ್ ಸತ್ತಿತು. ಮಗಳು ಇಡೀ ದಿನ ಅತ್ತಳು.

ಆ ಸಕ್ಕರನ್ನು ಬಕೆಟ್‌ನಲ್ಲಿ ಹಾಕಿಕೊಂಡು ಅಂಗಡಿಗೇ ಹೋದೆ. "ದೊಡ್ಡದಾದ್ರೆ ಒಳ್ಳೇದೇ ಅಲ್ವಾ?" ಅಂದರು. ದೊಡ್ಡದಾದರೆ ಅದು ಪಾಚಿ ತಿನ್ನುವುದಕ್ಕಿಂತ ಗಲೀಜು ಮಾಡುವುದೇ ಜಾಸ್ತಿ! "ಜೀವ ಇರೋ ಮಾಲು ವಾಪಸ್ ತಗೊಳ್ಳಲ್ಲ" ಅಂದರು. ಕೊನೆಗೆ ಏನಂದರು ಗೊತ್ತಾ? "ಕೆರೆಗೆ ಬಿಟ್ಟುಬಿಡಿ ಮೇಡಂ."

ಕೆರೆಗೆ! ಇದು ಅಮೆಜಾನ್ ಕಡೆಯ ಮೀನು. ಮೈಯೆಲ್ಲಾ ಮೂಳೆಯ ಕವಚ, ಬೇರೆ ಮೀನು ಸುಲಭಕ್ಕೆ ತಿನ್ನಲಾಗುವುದಿಲ್ಲ. ಕೊಳಕು ನೀರಲ್ಲೂ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ಮೊಟ್ಟೆಯಿಡಲು ದಡ ಕೊರೆಯುತ್ತದೆ. ಆಂಧ್ರದಲ್ಲಿ, ಕೋಲ್ಕತ್ತಾದ ಪೂರ್ವದ ಭೇರಿಗಳಲ್ಲಿ (ಮೀನು ಸಾಕುವ ಕೆರೆಗಳಲ್ಲಿ) ಮೀನುಗಾರರ ಬಲೆ ಹರಿಯುತ್ತಿರುವುದು ಇದೇ. ಮಾರಿದವರೇ ಹೀಗೆ ಹೇಳಿದರೆ?

ಕೊಳ್ಳುವ ಮೊದಲು ಬೆನ್ನಿನ ರೆಕ್ಕೆಯ ಕಡ್ಡಿ ಎಣಿಸಿ. ಬ್ರಿಸಲ್‌ನೋಸ್‌ಗೆ ಏಳೆಂಟು. ಇಲ್ಲಿ ಮಾರುವ ಸಾದಾ ಸಕ್ಕರ್‌ಗೆ ಹತ್ತು, ಇನ್ನೂ ಜಾಸ್ತಿ. ರೆಕ್ಕೆ ಬಿಚ್ಚುವವರೆಗೆ ಕಾಯಿರಿ, ಅಂಗಡಿಯವರು ಅವಸರ ಮಾಡಿದರೆ ಎದ್ದು ಬನ್ನಿ. "ಮೀಸೆ ಬರುತ್ತೆ" ಅನ್ನುವ ಮಾತು ಮಾತ್ರ ನಂಬಬೇಡಿ.

ಮೀನು ಈಗ ಬಾಲ್ಕನಿಯ ಡ್ರಮ್‌ನಲ್ಲಿದೆ, ಏರ್ ಪಂಪ್ ಹಾಕಿದ್ದೇನೆ. ದೊಡ್ಡ ಟ್ಯಾಂಕ್ ಇರುವವರು ಯಾರಾದರೂ ತಗೊಳ್ತೀರಾ? ದುಡ್ಡು ಬೇಡ. ಕೆರೆಗೆ ಬಿಡಲ್ಲ ಅಂತ ಮಾತು ಕೊಡಿ, ಸಾಕು.